ಆ ಚುಕ್ಕೆ ಯಾರದು?

ಕೊಳ್ಳೇಗಾಲದ ಕಡೆ ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಜೀವಿಗಳನ್ನು ನೋಡುವುದು ಹೇಗೆ ಅಂತ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹುಳುಮನೆಯಲ್ಲಿ ಹಗಲು ರಾತ್ರಿ ಸೊಪ್ಪು ತಿನ್ನುವ ಸದ್ದು, ಸಣ್ಣಗೆ ಮಳೆ ಬಿದ್ದಂತೆ. ಒಂದು ದಿನ ಬೆಳಿಗ್ಗೆ ನೋಡಿದರೆ ಸದ್ದೇ ಇಲ್ಲ. ಹುಳುಗಳೆಲ್ಲ ತಲೆ ಎತ್ತಿಕೊಂಡು ಕದಲದೆ ಕೂತಿವೆ. ಪೇಟೆಯಿಂದ ಬಂದ ನೆಂಟರು 'ಅಯ್ಯೋ, ಏನೋ ರೋಗ ಬಂತು' ಅಂತ ಗಾಬರಿಯಾಗುತ್ತಾರೆ. ಮನೆಯ ಮಗು ಮಾತ್ರ 'ಏನಿಲ್ಲ, ಜ್ವರಕ್ಕೆ ಕೂತವೆ, ಈಗ ಸೊಪ್ಪು ಹಾಕ್ಬೇಡಿ' ಅನ್ನುತ್ತದೆ.

ಆ ಮಗು ಹೇಳಿದ್ದು ಸರಿ. ಹುಳುವಿನ ಚರ್ಮ ನಮ್ಮದರ ಹಾಗೆ ದೇಹದ ಜೊತೆಗೇ ಬೆಳೆಯುವುದಿಲ್ಲ. ಹಳೆಯದು ಬಿಗಿಯಾದಾಗ ಅದರ ಒಳಗೇ ಹೊಸ ಚರ್ಮ ತಯಾರಾಗುತ್ತದೆ. ಆ ಹೊತ್ತಿನಲ್ಲಿ ಹುಳು ತಿನ್ನುವುದಿಲ್ಲ, ಓಡಾಡುವುದಿಲ್ಲ. ಸುಮಾರು ಒಂದು ದಿನ ಕಳೆದ ಮೇಲೆ ಹಳೆ ಅಂಗಿ ಕಳಚಿ, ಮೊದಲಿಗಿಂತ ದೊಡ್ಡ ತಲೆಯೊಂದಿಗೆ ಹೊರಬರುತ್ತದೆ. ಹೀಗೆ ನಾಲ್ಕು ಜ್ವರ. ಈಗ ಬಹಳ ಮಂದಿ ಎರಡನೇ ಜ್ವರ ದಾಟಿದ ಚಾಕಿ ಹುಳುವನ್ನೇ ತರುವುದರಿಂದ ಮನೆಯಲ್ಲಿ ಕಾಣುವುದು ಕೊನೆಯ ಎರಡು ಜ್ವರ ಮಾತ್ರ. ನಾಲ್ಕನೆಯದು ಕಳೆದ ಮೇಲೆ ಹೊಟ್ಟೆಬಾಕತನ. ಒಂದು ವಾರ ತಿಂದದ್ದೇ ತಿಂದದ್ದು. ಆಮೇಲೆ ಮೈ ಹಳದಿಗೆ ತಿರುಗಿ, ಒಳಗಿನದು ಕಾಣುವಷ್ಟು ತಿಳಿಯಾಗಿ, ಹುಳು 'ಹಣ್ಣಾಗುತ್ತದೆ'. ಆಗ ಅಪ್ಪ ಅದನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಒಂದು ದಿನ ಮೊದಲೇ ಬಿಟ್ಟರೂ ನಷ್ಟ, ಒಂದು ದಿನ ತಡವಾದರೂ ನಷ್ಟ.

ಗುರುತು ನೋಡಿ ಮುಂದೆ ಏನಾಗುತ್ತದೆ ಅಂತ ಹೇಳುವುದು, ಹೇಳಿದ್ದು ನಿಜವಾಯಿತೇ ಅಂತ ಮಾರನೇ ದಿನ ನೋಡುವುದು: ವಿಜ್ಞಾನಿಗಳು ದೊಡ್ಡ ದೊಡ್ಡ ಕಾಡಿನಲ್ಲಿ ಮಾಡುವ ಕೆಲಸವೂ ಇದೇ. ಕಷ್ಟ ಏನೆಂದರೆ ಕಾಡಿನ ಪ್ರಾಣಿ ನಿಮ್ಮ ಹುಳುವಿನ ಹಾಗೆ ತಟ್ಟೆಯಲ್ಲಿ ಕೂತಿರುವುದಿಲ್ಲ.

'ನಮ್ಮೂರಲ್ಲಿ ಏನಿದೆ ನೋಡೋಕೆ? ಹುಲಿ ನೋಡಬೇಕಾದರೆ ಸಫಾರಿಗೆ ಹೋಗಬೇಕು, ದುಡ್ಡು ಬೇಕು' ಅಂತ ಅನೇಕ ಮಕ್ಕಳು ಕೇಳುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಸಫಾರಿ ಜೀಪಿನಲ್ಲಿ ಹುಲಿ ಕಂಡವರು ಆಮೇಲೆ ಮಾತಾಡುವುದು ಹೆಚ್ಚಾಗಿ ತಮ್ಮ ಅದೃಷ್ಟದ ಬಗ್ಗೆ. ಹುಲಿಯ ಬಗ್ಗೆ ಅವರಿಗೆ ಹೊಸದೊಂದು ಗೊತ್ತಾಗಿರುವುದು ಕಡಿಮೆ. ದಿನಾ ಕಾಣುವ ಚಿಕ್ಕದೊಂದನ್ನು ಮತ್ತೆ ಮತ್ತೆ ನೋಡಿದರೆ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಅದರ ಉತ್ತರ ಸಿಗುವಷ್ಟರಲ್ಲಿ ಇನ್ನೊಂದು ಹುಟ್ಟುತ್ತದೆ. ಕಾಡು ನೋಡುವ ಹುಚ್ಚು ಬೆಳೆಯುವುದು ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಮನೆಯ ಹತ್ತಿರ ಮಾವಿನ ಮರ ಇದ್ದರೆ ತಲೆಯೆತ್ತಿ ನೋಡಿ. ಕೆಲವು ಕೊಂಬೆಗಳಲ್ಲಿ ಮಾವಿನದಲ್ಲದ ಎಲೆಯ ಗೊಂಚಲು ಕಾಣಬಹುದು. ಅದು ಬದನಿಕೆ. ಮಣ್ಣಿಗೆ ಬೇರು ಇಳಿಸದೆ ಮರದ ಕೊಂಬೆಯೊಳಗೇ ಬೇರು ತೂರಿಸಿ, ಅದರ ನೀರು ಕುಡಿದು ಬದುಕುವ ಗಿಡ. ಎಲೆ ಹಸಿರಾಗಿರುವುದರಿಂದ ಬಿಸಿಲಿನಲ್ಲಿ ಊಟ ತಾನೇ ಮಾಡಿಕೊಳ್ಳುತ್ತದೆ, ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಮಾತ್ರ ಕದಿಯುತ್ತದೆ. ಸರಿ, ನೆಲದಿಂದ ಅಷ್ಟು ಎತ್ತರಕ್ಕೆ ಅದರ ಬೀಜ ಹೋಗಿದ್ದು ಹೇಗೆ?

ಉತ್ತರ ಬೇಕಾದರೆ ಮರದ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. 'ಟಿಕ್ ಟಿಕ್' ಅಂತ ಗಡಿಬಿಡಿಯಿಂದ ಕೂಗುತ್ತಾ ಒಂದು ಪುಟಾಣಿ ಹಕ್ಕಿ ಬರುತ್ತದೆ. ಬಣ್ಣ ಮಾಸಲು, ಉದ್ದ ಸುಮಾರು ದೊಡ್ಡವರ ಬೆರಳಿನಷ್ಟು. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದಾದ ಇದರ ಹೆಸರೂ ಬದನಿಕೆ ಹಕ್ಕಿ. ಅದು ಬದನಿಕೆಯ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಬೀಜದ ಸುತ್ತ ಗೋಂದಿನಂಥ ಅಂಟು ಇರುತ್ತದೆ. ಹಿಕ್ಕೆ ಹಾಕಿದರೂ ಬೀಜ ಕೆಳಗೆ ಬೀಳುವುದಿಲ್ಲ, ಹಿಂಭಾಗಕ್ಕೇ ಅಂಟಿಕೊಳ್ಳುತ್ತದೆ! ಪಾಪ, ಹಕ್ಕಿ ಏನು ಮಾಡಬೇಕು? ಕೊಂಬೆಗೆ ಅಂಡು ಉಜ್ಜಿ ಬೀಜವನ್ನು ಬಿಡಿಸಿಕೊಳ್ಳುತ್ತದೆ. ಬದನಿಕೆಗೆ ಬೇಕಾದದ್ದೂ ಅದೇ. ಬೀಜ ಉಜ್ಜಿದ ಜಾಗದಲ್ಲೇ ಮೊಳೆಯುತ್ತದೆ. ಅಷ್ಟು ಚಿಕ್ಕ ಹಕ್ಕಿಯ ಹಿಂಭಾಗ ನೋಡೋಕೆ ದುರ್ಬೀನು ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಅದು ಕೊಂಬೆಯ ಮೇಲೆ ಕೂತು ಆ ಕಡೆ ಈ ಕಡೆ ಮೈ ತಿರುಗಿಸುವ ರೀತಿಯಲ್ಲೇ ಗೊತ್ತಾಗುತ್ತದೆ.

ಇದೇ ಬದನಿಕೆಯನ್ನು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಉಪ್ಪಿಲು ಅನ್ನುತ್ತಾರೆ. ಅವರಿಗೆ ನೆಲ್ಲಿಕಾಯಿ ಮುಖ್ಯ. ತಲೆಮಾರುಗಳಿಂದ ಕಾಡಿನ ನೆಲ್ಲಿಕಾಯಿ ಕಿತ್ತು ತಂದವರು. ಕಾಡಿನಲ್ಲಿ ನೆಲ್ಲಿಮರಗಳ ಮೇಲೆ ಉಪ್ಪಿಲು ಹೆಚ್ಚುತ್ತಿದೆ, ಕಾಯಿ ಕಡಿಮೆಯಾಗುತ್ತಿದೆ, ಮರಗಳು ಸಾಯುತ್ತಿವೆ ಅಂತ ಹಿರಿಯರು ಗಮನಿಸಿದರು. ಯಾಕಿರಬಹುದು? ಅವರು ಕೊಟ್ಟ ಕಾರಣ ಕೇಳಿ. ಹಿಂದೆ ಚಳಿಗಾಲ ಮುಗಿಯುವ ಹೊತ್ತಿಗೆ ನೆಲದ ಮೇಲಿನ ಒಣಗಿದ ಎಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಅಂತ ಹೆಸರು. ಮರ ಸುಡುವಷ್ಟು ದೊಡ್ಡದಲ್ಲ, ಆದರೆ ಅದರ ಶಾಖ ಮತ್ತು ಹೊಗೆಗೆ ಉಪ್ಪಿಲು ಉಳಿಯುತ್ತಿರಲಿಲ್ಲ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ಕೊಡುವುದು ನಿಂತಿತು. ಆಮೇಲೆ ಉಪ್ಪಿಲೂ ಹೆಚ್ಚಿತು, ಲಂಟಾನ ಪೊದೆಯೂ ಹೆಚ್ಚಿತು ಅನ್ನುವುದು ಅವರ ವಾದ.

ಇದು ಸುಮ್ಮನೆ ಹೇಳಿದ ಮಾತೇ? ಬೆಟ್ಟದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ 'ಏಟ್ರೀ' ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ಸೇರಿ ನೆಲ್ಲಿಮರಗಳನ್ನು ಎಣಿಸಿದರು, ಕಾಯಿ ಅಂದಾಜು ಮಾಡಿದರು, ಯಾವುದಕ್ಕೆ ಉಪ್ಪಿಲು ಹತ್ತಿದೆ ಅಂತ ಗುರುತು ಮಾಡಿದರು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಿರಿಯರ ತಿಳಿವಳಿಕೆಯನ್ನೂ ವಿಜ್ಞಾನಿಗಳ ಅಳತೆಯನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಹಿರಿಯರ ಮಾತನ್ನು ಹಾಗೇ ನಂಬಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಕಾಡಿಗೆ ಯಾವ ಬೆಂಕಿ ಒಳ್ಳೆಯದು, ಯಾವುದು ಕೆಟ್ಟದ್ದು ಅನ್ನುವ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ನಡೆಯುತ್ತಿದೆ. (ಇದನ್ನು ಓದಿ ಯಾರೂ ಬೆಂಕಿಪೊಟ್ಟಣ ಹಿಡಿದು ಹೊರಡಬೇಡಿ. ಬೇಸಿಗೆಯಲ್ಲಿ ಒಂದು ಕಡ್ಡಿ ಗೀರಿದರೆ ಏನಾಗುತ್ತದೆ ಅಂತ ಕಾಡಿನ ಕಾವಲುಗಾರರನ್ನು ಕೇಳಿ.) ಅಂದಹಾಗೆ ಇದೇ ಬೆಟ್ಟದಲ್ಲಿ ಸಿಕ್ಕ ಒಂದು ಹೊಸ ಬಗೆಯ ಕಣಜಕ್ಕೆ 2022ರಲ್ಲಿ 'ಸೋಲಿಗ' ಅಂತಲೇ ಕುಲದ ಹೆಸರಿಟ್ಟರು. ಕಾಡನ್ನು ಬಲ್ಲವರ ಹೆಸರು ಪ್ರಪಂಚದ ವಿಜ್ಞಾನದ ಪುಸ್ತಕಕ್ಕೆ ಹಾಗೆ ಸೇರಿತು.

ಈಗ ಬೆಟ್ಟ ಇಳಿದು ಹನೂರಿನ ಕಡೆ ಹೋಗೋಣ. ದೂರ ಹೆಚ್ಚಿಲ್ಲ, ಆದರೆ ಕಾಡು ಬೇರೆ. ಬಿಳಿಗಿರಿಯ ನೆತ್ತಿಯಲ್ಲಿ ಮಂಜು, ಹುಲ್ಲುಗಾವಲು, ಸದಾ ಹಸಿರಾದ ಶೋಲಾ ಕಾಡು. ಮಲೆ ಮಹದೇಶ್ವರ ಬೆಟ್ಟದ ಸುತ್ತ ಹೆಚ್ಚಾಗಿ ಎಲೆ ಉದುರಿಸುವ ಒಣ ಕಾಡು, ಮುಳ್ಳುಪೊದೆ, ಬಂಡೆ. ಆ ಒಣ ಕಾಡಿನ ಅಂಚಿನಲ್ಲಿ ಕಾವೇರಿ ಹರಿಯುತ್ತಾಳೆ. ಹೊಳೆಯ ಎರಡೂ ದಂಡೆಯಲ್ಲಿ ದೊಡ್ಡ ದೊಡ್ಡ ಹೊಳೆಮತ್ತಿ ಮರಗಳು ಸಾಲಾಗಿ ನಿಂತಿವೆ. ಬೇಸಿಗೆಯಲ್ಲಿ ಗುಡ್ಡವೆಲ್ಲ ಬೋಳಾಗಿದ್ದರೂ ಈ ಸಾಲು ಹಸಿರು.

ಇಲ್ಲಿ ಒಂದು ತಮಾಷೆ ಇದೆ. ಬಿಳಿಗಿರಿ ಬೆಟ್ಟಕ್ಕೆ ಹೋದವರು ಮರದ ಮೇಲೆ ಬೆಕ್ಕಿಗಿಂತ ಉದ್ದದ, ಕೆಂಪು ಕಂದು ಬಣ್ಣದ ದೊಡ್ಡ ಅಳಿಲನ್ನು ನೋಡಿರಬಹುದು. ಅದು ಕೆಂದಳಿಲು. ಕಾವೇರಿ ದಂಡೆಯ ಹೊಳೆಮತ್ತಿಯ ಮೇಲೆ ಇರುವುದು ಅದರ ದಾಯಾದಿ, ಬೂದು ಬಣ್ಣದ ದೊಡ್ಡ ಅಳಿಲು. ಇದು ದಕ್ಷಿಣ ಭಾರತದ ಕೆಲವೇ ಕಡೆ ಮತ್ತು ಶ್ರೀಲಂಕಾದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮರದಿಂದ ಮರಕ್ಕೆ ಹಾರಿಯೇ ಓಡಾಡುವ ಪ್ರಾಣಿ, ನೆಲಕ್ಕೆ ಇಳಿಯಲು ಇಷ್ಟಪಡುವುದಿಲ್ಲ. ಹಾಗಾಗಿ ಕೊಂಬೆಗೆ ಕೊಂಬೆ ತಾಗುವ ಮರಗಳೇ ಅದರ ರಸ್ತೆ. ನಡುವೆ ನಾಲ್ಕು ಮರ ಕಡಿದರೆ ರಸ್ತೆ ಮುರಿದಂತೆ.

ಈ ಅಳಿಲು ಬಲು ನಾಚಿಕೆಯದು, ಮನುಷ್ಯರನ್ನು ಕಂಡರೆ ಕೊಂಬೆಗೆ ಅಂಟಿ ಅಲುಗಾಡದೆ ಮಲಗುತ್ತದೆ. ಹಾಗಾದರೆ ಎಷ್ಟಿವೆ ಅಂತ ತಿಳಿಯುವುದು ಹೇಗೆ? ಸಂಶೋಧಕರು ಅಳಿಲಿನ ಜೊತೆಗೆ ಅದರ ಗೂಡುಗಳನ್ನೂ ಲೆಕ್ಕ ಹಾಕುತ್ತಾರೆ. ಕಡ್ಡಿ ಮತ್ತು ಎಲೆ ಸೇರಿಸಿ ಕಟ್ಟಿದ ದುಂಡನೆಯ ಗೂಡು ಮರದ ಮೇಲ್ಭಾಗದಲ್ಲಿ, ಅಕ್ಕಪಕ್ಕದ ಮರಗಳ ಕೊಂಬೆ ಸೇರುವ ಕಡೆ ಇರುತ್ತದೆ. ಆದರೆ ಒಂದೇ ಅಳಿಲು ಒಂದಕ್ಕಿಂತ ಹೆಚ್ಚು ಗೂಡು ಕಟ್ಟುವುದರಿಂದ ಹತ್ತು ಗೂಡು ಕಂಡರೆ ಹತ್ತು ಅಳಿಲು ಅನ್ನುವ ಹಾಗಿಲ್ಲ. ಇದು ನಿಮ್ಮ ಮನೆಯ ಮುಂದಿನ ಕಾಗೆಗೂಡಿಗೂ ಅನ್ವಯಿಸುತ್ತದೆ: ಈ ವರ್ಷದ ಗೂಡು ಯಾವುದು, ಹೋದ ವರ್ಷ ಬಿಟ್ಟುಹೋದದ್ದು ಯಾವುದು ಅಂತ ಮೊದಲು ಬಿಡಿಸಿಕೊಳ್ಳಬೇಕು.

ಇಷ್ಟೆಲ್ಲ ನೆನಪಿನಲ್ಲಿ ಉಳಿಯುವುದಿಲ್ಲ, ಬರೆದಿಡಬೇಕು. ಹಳೆಯ ಲೆಕ್ಕದ ಪುಸ್ತಕದಲ್ಲಿ ಉಳಿದ ಖಾಲಿ ಹಾಳೆ ಸಾಕು. ತಾರೀಖು, ಹೊತ್ತು, ಜಾಗ, ಎಷ್ಟು ಕಂಡವು, ಏನು ಮಾಡುತ್ತಿದ್ದವು. ಚಿತ್ರ ಚೆನ್ನಾಗಿ ಬರದಿದ್ದರೂ ಬಿಡಿಸಿ. ಬಿಡಿಸುವಾಗ ಕಣ್ಣು ಹೆಚ್ಚು ನೋಡುತ್ತದೆ. ಕಂಡದ್ದನ್ನು ಒಂದು ಕಡೆ ಬರೆಯಿರಿ, ನಿಮ್ಮ ಊಹೆಯನ್ನು ಇನ್ನೊಂದು ಕಡೆ. 'ಹಕ್ಕಿ ಕೊಂಬೆಗೆ ಮೈ ಉಜ್ಜಿತು' ಅನ್ನುವುದು ಕಂಡದ್ದು. 'ಹಕ್ಕಿಗೆ ತುರಿಕೆ' ಅನ್ನುವುದು ಊಹೆ, ಅದೂ ತಪ್ಪು ಊಹೆ!

ಗದ್ದೆ ಬದುವಿನಲ್ಲಿ ಬಾಲ ಕುಣಿಸುತ್ತಾ ಓಡುವ ಕುಂಡೆಕುಸ್ಕ ಹಕ್ಕಿ ನಿಮಗೆ ಗೊತ್ತಿರಬೇಕು. ಕಪ್ಪು ಬಿಳುಪಿನ ದೊಡ್ಡದು ನಮ್ಮೂರಿನದೇ, ಕೆರೆ ಹೊಳೆಯ ಹತ್ತಿರ ವರ್ಷವಿಡೀ ಇರುತ್ತದೆ. ಹೊಟ್ಟೆ ಹಳದಿ ಇರುವುದು ಚಳಿಗಾಲದ ಅತಿಥಿ. ಹಿಮಾಲಯದಿಂದ, ಅದರಾಚೆಯಿಂದ ಬರುತ್ತದೆ, ಬೇಸಿಗೆಗೆ ವಾಪಸು ಹೋಗುತ್ತದೆ. ಮೊದಲ ಸಲ ಕಂಡ ದಿನವನ್ನು ಬರೆದಿಡುವುದು ಸುಲಭ. ಕೊನೆಯ ಸಲ ಕಂಡ ದಿನ? ಅದು ಕೊನೆಯದು ಅಂತ ಆವತ್ತು ಗೊತ್ತಿರುವುದಿಲ್ಲವಲ್ಲ! ಹಾಗಾಗಿ ದಿನಾ ಬರೆದವರಿಗೆ ಮಾತ್ರ ಆ ಉತ್ತರ ಸಿಗುತ್ತದೆ.

ಹೀಗೆ ಬರೆದವರು ನಮ್ಮ ಬಿಳಿಗಿರಿ ಬೆಟ್ಟದಲ್ಲೇ ಇದ್ದರು. ಹೊನ್ನಮೇಟಿಯಲ್ಲಿ ಕಾಫಿ ತೋಟ ಇಟ್ಟುಕೊಂಡಿದ್ದ ಆರ್. ಸಿ. ಮಾರಿಸ್ ಅನ್ನುವ ಬ್ರಿಟಿಷರು ಕಾಡಾನೆ, ಕಾಟಿ, ಕರಡಿಗಳ ಬಗ್ಗೆ ಕಂಡದ್ದನ್ನು ಚಿಕ್ಕ ಚಿಕ್ಕ ಟಿಪ್ಪಣಿಗಳಾಗಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಗೆ ಕಳಿಸುತ್ತಿದ್ದರು. ಅವರು ದೊಡ್ಡ ಬೇಟೆಗಾರರೂ ಹೌದು, ಅದನ್ನು ಮುಚ್ಚಿಡುವುದು ಬೇಡ. ಆ ಕಾಲದ ಎಷ್ಟೋ ಮಂದಿಯ ಕೈಗೆ ಮೊದಲು ಬಂದದ್ದು ಬಂದೂಕು, ಆಮೇಲೆ ಪೆನ್ಸಿಲು. ಅವರ ಮಗಳು ಮೋನಿಕಾ ಈ ಬೆಟ್ಟದಲ್ಲೇ ಆಡಿ ಬೆಳೆದವರು. 1955ರಲ್ಲಿ ಬರೀ ಮಹಿಳೆಯರೇ ಇದ್ದ ತಂಡದೊಂದಿಗೆ ಹಿಮಾಲಯ ಹತ್ತಿದರು.

ಮೈಸೂರು ಸಂಸ್ಥಾನದ ಹಕ್ಕಿಗಳ ಪಟ್ಟಿ ಮಾಡಲು 1939–40ರಲ್ಲಿ ಸುತ್ತಾಡಿದ ಸಲೀಂ ಅಲಿ ಬಿಳಿಗಿರಿ ಬೆಟ್ಟಕ್ಕೂ ಬಂದಿದ್ದರು. ಆಗ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ, ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಕ್ಕಿಗಳು ಮಾತ್ರ ಗಡಿ ದಾಟಲು ಯಾರನ್ನೂ ಕೇಳುತ್ತಿರಲಿಲ್ಲ. ಸಲೀಂ ಅಲಿಯವರ ಹುಚ್ಚು ಶುರುವಾದದ್ದು ಬಾಲಕನಾಗಿದ್ದಾಗ ಹೊಡೆದ ಒಂದು ಗುಬ್ಬಿಯಿಂದ. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. 'ಇದು ಯಾವ ಗುಬ್ಬಿ?' ಅಂತ ಕೇಳಲು ಮುಂಬಯಿಯ ಅದೇ ನಿಸರ್ಗ ಚರಿತ್ರೆ ಸಂಘದ ಬಾಗಿಲು ತಟ್ಟಿದ ಹುಡುಗ ಕೊನೆಯವರೆಗೂ ಹಕ್ಕಿಗಳನ್ನು ಬಿಡಲಿಲ್ಲ. ಆ ಹಳದಿ ಕತ್ತಿನ ಗುಬ್ಬಿ ನಮ್ಮ ಒಣ ಕಾಡುಗಳ ಕಡೆಯೂ ಇದೆ. ಅದನ್ನು ಹುಡುಕಲು ನಿಮಗೆ ಬಂದೂಕು ಬೇಕಿಲ್ಲ.

ಕೊನೆಗೆ ಚಿರತೆಯ ವಿಷಯ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪ ಹುಲಿ ಏರಿ ಬಂದ ದೇವರು, ನಿಜ. ಆದರೆ ಹನೂರು, ಕೊಳ್ಳೇಗಾಲದ ಊರುಗಳ ಅಂಚಿನಲ್ಲಿ ಹೆಚ್ಚಾಗಿ ಓಡಾಡುವುದು ಚಿರತೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡ ಮಲೆ ಮಹದೇಶ್ವರ ಹಾಗೂ ಕಾವೇರಿ ವನ್ಯಜೀವಿಧಾಮಗಳಲ್ಲಿ ಚಿರತೆಗಳನ್ನು ಲೆಕ್ಕ ಹಾಕಿದೆ. ಬಳಸಿದ್ದು ಕ್ಯಾಮೆರಾ ಟ್ರ್ಯಾಪ್. ಮರಕ್ಕೆ ಕಟ್ಟಿದ ಈ ಪೆಟ್ಟಿಗೆಯ ಮುಂದೆ ಮೈ ಬಿಸಿ ಇರುವ ಪ್ರಾಣಿ ಹಾದುಹೋದರೆ ಅದು ಶಾಖ ಕದಲಿದ್ದನ್ನು ಗ್ರಹಿಸಿ ತಾನೇ ಫೋಟೋ ತೆಗೆಯುತ್ತದೆ. ಹೀಗಿಟ್ಟ ಕ್ಯಾಮೆರಾದಲ್ಲಿ ಕಾವೇರಿ ಕಾಡಿನಲ್ಲಿ ತರಕರಡಿಯೂ ಸಿಕ್ಕಿಬಿತ್ತು! ಕರ್ನಾಟಕದ ಕಾಡಿನಲ್ಲಿ ಅದರ ಫೋಟೋ ದಾಖಲೆ 2014ರಲ್ಲಿ ಪ್ರಕಟವಾಯಿತು. ರಾತ್ರಿ ತಿರುಗುವ, ಜೇನು ಕಂಡರೆ ಬಿಡದ ಆ ಪ್ರಾಣಿ ಅಷ್ಟು ವರ್ಷ ಅಲ್ಲೇ ಇತ್ತು.

ಚಿರತೆಯ ಮೈಮೇಲಿನ ಚುಕ್ಕೆಗಳ ಜೋಡಣೆ ಒಂದರದು ಇನ್ನೊಂದಕ್ಕೆ ಇರುವುದಿಲ್ಲ. ಅಷ್ಟೇ ಆಗಿದ್ದರೆ ಸುಲಭ. ಒಂದೇ ಚಿರತೆಯ ಎಡ ಮಗ್ಗುಲು ಬೇರೆ, ಬಲ ಮಗ್ಗುಲು ಬೇರೆ. ಎಡಗಡೆಯ ಒಂದು ಫೋಟೋ, ಬಲಗಡೆಯ ಒಂದು ಫೋಟೋ ಸಿಕ್ಕರೆ ಅದು ಒಂದು ಚಿರತೆಯೋ ಎರಡೋ? ಅದಕ್ಕೇ ದಾರಿಯ ಎರಡೂ ಕಡೆ ಎದುರುಬದುರಾಗಿ ಕ್ಯಾಮೆರಾ ಇಡುತ್ತಾರೆ. ನೀವೂ ಪ್ರಯತ್ನಿಸಿ: ಬೀದಿಯ ಚುಕ್ಕೆ ನಾಯಿಯ ಅಥವಾ ಪಕ್ಕದ ಮನೆಯ ಪಟ್ಟೆ ಹಸುವಿನ ಎರಡೂ ಮಗ್ಗುಲನ್ನು ನೆನಪಿನಿಂದ ಬಿಡಿಸಿ, ಆಮೇಲೆ ಹೋಗಿ ನೋಡಿ.

ಎಲ್ಲ ಚಿರತೆಯೂ ಕ್ಯಾಮೆರಾ ಮುಂದೆ ಬರುವುದಿಲ್ಲ. ಬಾರದವನ್ನು ಲೆಕ್ಕಕ್ಕೆ ತರುವುದು ಹೇಗೆ? ಅವ್ವನನ್ನು ಕೇಳಿ ಒಂದು ಡಬ್ಬಿಗೆ ಒಂದಷ್ಟು ಒಣ ಅವರೆಕಾಳು ಹಾಕಿಸಿಕೊಳ್ಳಿ. ಎಣಿಸಬೇಡಿ. ಅದರಿಂದ 20 ಕಾಳು ತೆಗೆದು ಪೆನ್ನಿನಿಂದ ಚುಕ್ಕೆ ಇಟ್ಟು, ವಾಪಸು ಹಾಕಿ ಚೆನ್ನಾಗಿ ಕಲಸಿ. ಈಗ ಕಣ್ಣು ಮುಚ್ಚಿ ಮತ್ತೆ 20 ತೆಗೆಯಿರಿ. ಅದರಲ್ಲಿ ಚುಕ್ಕೆಯವು 5 ಬಂದವು ಅಂತ ಇಟ್ಟುಕೊಳ್ಳಿ. ತೆಗೆದದ್ದರಲ್ಲಿ ನಾಲ್ಕನೇ ಒಂದು ಪಾಲು ಚುಕ್ಕೆಯವು. ಹಾಗಾದರೆ ಡಬ್ಬಿಯಲ್ಲೂ ನಾಲ್ಕನೇ ಒಂದು ಪಾಲು ಚುಕ್ಕೆಯವು ಇರಬೇಕು. ಚುಕ್ಕೆಯವು ಒಟ್ಟು 20, ಆದ್ದರಿಂದ ಡಬ್ಬಿಯಲ್ಲಿ ಇರುವುದು ಸುಮಾರು 80. ಈಗ ಎಲ್ಲವನ್ನೂ ಎಣಿಸಿ ನೋಡಿ. ಹೆಚ್ಚು ಕಡಿಮೆ ಆಗುತ್ತದೆ, ಕೆಲವು ಸಲ ಬಹಳವೇ. ನಾಲ್ಕೈದು ಸಲ ಆಡಿದರೆ ಉತ್ತರ ಎಷ್ಟು ತೂಗಾಡುತ್ತದೆ ಅನ್ನುವುದೂ ತಿಳಿಯುತ್ತದೆ. ವಿಜ್ಞಾನಿಗಳು ಇದೇ ಉಪಾಯವನ್ನು ಇನ್ನೂ ದೊಡ್ಡ ಗಣಿತದಿಂದ, ಯಾವ ಚಿರತೆ ಯಾವ ಕ್ಯಾಮೆರಾದಲ್ಲಿ ಬಿತ್ತು ಅನ್ನುವುದನ್ನೂ ಸೇರಿಸಿ ಮಾಡುತ್ತಾರೆ. ಕಾಳಿಗೆ ಚುಕ್ಕೆ ನಾವು ಇಡಬೇಕು, ಚಿರತೆ ತನ್ನ ಚುಕ್ಕೆ ತಾನೇ ತಂದಿರುತ್ತದೆ. ಒಂದು ಮಾತು: ಇದಕ್ಕಾಗಿ ಯಾರೂ ಕಾಡಿನೊಳಗೆ ಹೋಗಬಾರದು. ಅಲ್ಲಿಗೆ ಹೋಗುವ ಸಂಶೋಧಕರಿಗೆ ಅರಣ್ಯ ಇಲಾಖೆಯ ಅನುಮತಿ ಇರುತ್ತದೆ, ಜೊತೆಗೆ ದಾರಿ ಬಲ್ಲ ಕಾವಲುಗಾರರು ಇರುತ್ತಾರೆ.

ಈಗ ನಿಮಗೊಂದು ಲೆಕ್ಕ. ಚುಕ್ಕೆ ಇಟ್ಟ 20 ಕಾಳುಗಳಲ್ಲಿ ಐದರ ಶಾಯಿ ಕಲಸುವಾಗ ಉಜ್ಜಿ ಅಳಿಸಿಹೋಯಿತು, ನಿಮಗೆ ಅದು ಗೊತ್ತಾಗಲಿಲ್ಲ. ನೀವು ಮಾತ್ರ 20 ಅಂತಲೇ ಲೆಕ್ಕ ಹಾಕಿದಿರಿ. ಉತ್ತರ ನಿಜಕ್ಕಿಂತ ಹೆಚ್ಚು ಬರುತ್ತದೋ, ಕಡಿಮೆ ಬರುತ್ತದೋ? ಫೋಟೋ ಮಸುಕಾಗಿ ಬಂದು, ಹಳೆಯ ಚಿರತೆಯನ್ನೇ ಹೊಸದು ಅಂದುಕೊಂಡರೂ ಇದೇ ಆಗುವುದು. ಬೇಳೆಯಾಗುವ ಮೊದಲು ಕಾಳನ್ನು ಅವ್ವನಿಗೆ ವಾಪಸು ಕೊಡಿ, ಚುಕ್ಕೆಯವನ್ನು ಬಿಟ್ಟು.